ವಾಚು ದಿನಕ್ಕೆ 24 ಸೆಕೆಂಡು ಮುಂದೆ ಓಡುತ್ತಿದೆ, ಸರಿ ಮಾಡಿಸಬೇಕಾ?

ಬದಿಯಡ್ಕ ಮಾಸ್ಟ್ರು

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಒಂದು ಸೀಕೊ 5 ವಾಚು ಉಂಟು. ಒಳಗಿರುವುದು 7ಎಸ್26 ಯಂತ್ರ. ಒಂಬತ್ತು ವರ್ಷದ ಹಿಂದೆ, ಕೆಲಸ ಖಾಯಂ ಆದ ತಿಂಗಳು ತೆಗೆದುಕೊಂಡದ್ದು. ಅಂದಿನಿಂದ ಇವತ್ತಿನವರೆಗೆ ಹಿಂದಿನ ಮುಚ್ಚಳ ತೆರೆಸಿಲ್ಲ. ಮೊದಲು ದಿನಕ್ಕೆ ಹತ್ತು ಸೆಕೆಂಡು ಮುಂದೆ ಹೋಗುತ್ತಿತ್ತು. ಈಗ ಒಂದು ವರ್ಷದಿಂದ 24 ಸೆಕೆಂಡು ಆಗಿದೆ.

24 ಸೆಕೆಂಡು ಅಂದರೆ ಸರಿಯಾಗಿ ಒಂದು ವಿಗಳಿಗೆ. ನಮ್ಮ ದೊಡ್ಡಪ್ಪ ಮುಹೂರ್ತ ನೋಡುವವರು. ದಿನಕ್ಕೆ 60 ಗಳಿಗೆ, ಗಳಿಗೆಗೆ 60 ವಿಗಳಿಗೆ ಅಂತ ಚಿಕ್ಕಂದಿನಲ್ಲೇ ಬಾಯಿಪಾಠ ಮಾಡಿಸಿದ್ದರು. ಹಾಗಾಗಿ ಈ ಲೆಕ್ಕ ತಲೆಯಿಂದ ಹೋಗುತ್ತಿಲ್ಲ. ಎರಡು ತಿಂಗಳು ಮುಟ್ಟದೆ ಬಿಟ್ಟರೆ ನನ್ನ ವಾಚು ಊರಿಗಿಂತ ಪೂರ್ತಿ ಒಂದು ಗಳಿಗೆ ಮುಂದೆ ಇರುತ್ತದೆ.

ಪ್ರತಿ ಭಾನುವಾರ ಸಮಯ ಸರಿ ಮಾಡಿಕೊಳ್ಳುತ್ತೇನೆ. ಈ ಯಂತ್ರದಲ್ಲಿ ಕಿರೀಟ (ಬದಿಯಲ್ಲಿರುವ ತಿರುಗಿಸುವ ಗುಂಡಿ) ಎಳೆದರೂ ಸೆಕೆಂಡು ಮುಳ್ಳು ನಿಲ್ಲುವುದಿಲ್ಲ, ಗೊತ್ತಲ್ವಾ? ಅದು ಓಡುತ್ತಲೇ ಇರುತ್ತದೆ, ನಾವು ಅಂದಾಜಿನಲ್ಲಿ ನಿಮಿಷದ ಮುಳ್ಳು ಕೂರಿಸಬೇಕು.

ಪೇಟೆಯಲ್ಲಿ ಒಂದು ಅಂಗಡಿಯಲ್ಲಿ ಕೇಳಿದೆ. "ಇಲ್ಲೇ ನಿಲ್ಲಿ, ಐದು ನಿಮಿಷ, 200 ರೂಪಾಯಿ" ಅಂದರು. ನನಗೆ ಧೈರ್ಯ ಬರಲಿಲ್ಲ. ನಮ್ಮ ಶಾಲೆಯ ಇನ್ನೊಬ್ಬರ ವಾಚು ಹೀಗೆಯೇ ಐದು ನಿಮಿಷದ ಕೆಲಸಕ್ಕೆ ಬೇರೆ ಒಂದು ಕಡೆ ಹೋಗಿ, ಹೇರ್‌ಸ್ಪ್ರಿಂಗ್ (ಒಳಗಿನ ಚಕ್ರವನ್ನು ಆಚೀಚೆ ಬೀಸಿಸುವ ತೆಳು ಸ್ಪ್ರಿಂಗು) ಸೊಟ್ಟಗಾಗಿ ವಾಪಸ್ ಬಂದಿತ್ತು. ಆಮೇಲೆ ಅದು ಓಡಲೇ ಇಲ್ಲ.

ಮಾಡಿಸಬೇಕಾ, ಬಿಡಬೇಕಾ? ಅನುಭವ ಇದ್ದವರು ಹೇಳಿ.

ಹೊಸೂರು ನಿವಾಸಿ

ಬಿಡಿ ಅನ್ನುವುದು ನನ್ನ ಅಭಿಪ್ರಾಯ. ಈ ಯಂತ್ರಕ್ಕೆ ಕಂಪನಿಯೇ ಕೊಟ್ಟಿರುವ ಮಿತಿ ದಿನಕ್ಕೆ 20 ಸೆಕೆಂಡು ಹಿಂದೆ, 40 ಸೆಕೆಂಡು ಮುಂದೆ. ನಿಮ್ಮದು ಅದರ ಒಳಗೇ ಇದೆ. ದಿನಕ್ಕೆ 86,400 ಸೆಕೆಂಡು. ಅದರಲ್ಲಿ 24 ತಪ್ಪಿದರೆ 3,600ರಲ್ಲಿ ಒಂದು. ಗಂಟೆಗೆ ಒಂದೇ ಸೆಕೆಂಡು. ಸ್ಪ್ರಿಂಗು, ಹಲ್ಲುಚಕ್ರ, ಒಂದಿಷ್ಟು ಎಣ್ಣೆ ಇಟ್ಟುಕೊಂಡು ಇಷ್ಟು ಕರಾರುವಾಕ್ಕಾಗಿ ಓಡುವ ಬೇರೆ ಯಾವ ಯಂತ್ರ ನಿಮ್ಮ ಮನೆಯಲ್ಲಿದೆ ಹೇಳಿ?

ನಿಖರತೆಯೇ ಬೇಕು ಅಂದರೆ ಕ್ವಾರ್ಟ್ಜ್ ತೆಗೆದುಕೊಳ್ಳಿ. ಸೆಕೆಂಡಿಗೆ 32,768 ಸಲ ಕಂಪಿಸುವ ಹರಳು ಅದು. ಸಾಧಾರಣ ಕ್ವಾರ್ಟ್ಜ್ ಕೂಡ ತಿಂಗಳಿಗೆ 15 ಸೆಕೆಂಡಿನ ಆಚೀಚೆ ಇರುತ್ತದೆ. ನಮ್ಮ ಊರಿನ ಟೈಟಾನ್ ಕಾರ್ಖಾನೆಯ ಹೆಸರು ಬೆಳೆದದ್ದೇ ಕ್ವಾರ್ಟ್ಜ್‌ನಿಂದ. ನನ್ನ ಬೀದಿಯಲ್ಲೇ ಅಲ್ಲಿ ದುಡಿದು ನಿವೃತ್ತರಾದವರಿದ್ದಾರೆ, ಅವರೂ ಇದನ್ನೇ ಹೇಳುತ್ತಾರೆ. ಚೆನ್ನಾಗಿ ಓಡುವ ವಾಚಿನ ಮುಚ್ಚಳ ತೆಗೆಯಬಾರದು.

ಮುಳ್ಳೇರಿಯ ತೋಟ

ಮಾಸ್ಟ್ರೇ, ಮೊದಲು ಅಯಸ್ಕಾಂತ ಹಿಡಿದಿದೆಯಾ ನೋಡಿ. ನನ್ನದು ಒಂದು ಸಲ ಇದ್ದಕ್ಕಿದ್ದ ಹಾಗೆ ದಿನಕ್ಕೆ ಏಳೆಂಟು ನಿಮಿಷ ಮುಂದೆ ಓಡಲಿಕ್ಕೆ ಶುರು ಮಾಡಿತು. ಯಂತ್ರ ಹಾಳಾಯಿತು ಅಂತಲೇ ಅಂದುಕೊಂಡೆ. ಕಾರಣ ಎಂತ ಅಂದರೆ, ದಿನಾ ರಾತ್ರಿ ವಾಚನ್ನು ಸ್ಪೀಕರ್ ಡಬ್ಬಿಯ ಮೇಲೆ ಇಡುತ್ತಿದ್ದೆ. ಸ್ಪೀಕರಿನೊಳಗೆ ದೊಡ್ಡ ಅಯಸ್ಕಾಂತ ಇರುತ್ತದೆ. ಹೇರ್‌ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡರೆ ಅದರ ಉದ್ದ ಕಡಿಮೆಯಾದ ಹಾಗೆ. ಆಗ ಚಕ್ರ ಬೇಗ ಬೇಗ ಬೀಸುತ್ತದೆ.

ಪರೀಕ್ಷೆ ಸುಲಭ. ಮಕ್ಕಳ ದಿಕ್ಸೂಚಿ ಒಂದನ್ನು ಮೇಜಿನ ಮೇಲಿಟ್ಟು ವಾಚನ್ನು ಅದರ ಹತ್ತಿರ ಮೆಲ್ಲ ಸರಿಸಿ. ಮುಳ್ಳು ಜೋರಾಗಿ ಓಲಾಡಿದರೆ ಅಯಸ್ಕಾಂತ ಹಿಡಿದಿದೆ ಅಂತ. ಅದನ್ನು ಬಿಡಿಸುವ ಸಣ್ಣ ಮಷಿನ್ ಬರುತ್ತದೆ, ಮುಚ್ಚಳ ತೆರೆಯುವುದೇ ಬೇಡ.

ಇನ್ನೊಂದು ಮಾತು. ಕಾಡು ಸವರುವ ಮಷಿನ್ ಹಿಡಿಯುವಾಗ ವಾಚು ಬಿಚ್ಚಿಡಿ. ಆ ನಡುಕ ಅದಕ್ಕೆ ಆಗುವುದಿಲ್ಲ. ತೋಟಕ್ಕೆ ಬೋರ್ಡೊ ಮದ್ದು ಹೊಡೆಯುವ ದಿನ ನಾನಂತೂ ಕಟ್ಟುವುದೇ ಇಲ್ಲ, ಮೈಲುತುತ್ತಿನ ನೀರು ಪಟ್ಟಿಯ ಸಂದಿಗೆಲ್ಲ ಹೋಗಿ ಕೂರುತ್ತದೆ.

ತಾಳವಾಡಿ ಸಿಸ್ಟರ್

ನಾನು ನರ್ಸ್. ನನಗೆ ವಾಚು ಬೇಕಾಗುವುದು ನಾಡಿ ಎಣಿಸಲು. 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸುತ್ತೇವೆ. ಗಂಟೆಗೆ ಒಂದು ಸೆಕೆಂಡು ತಪ್ಪುವ ವಾಚಿನಲ್ಲಿ ಆ ಅರ್ಧ ನಿಮಿಷಕ್ಕೆ ತಪ್ಪು ಎಷ್ಟು? ಒಂದು ಸೆಕೆಂಡಿನ 120ರಲ್ಲಿ ಒಂದು ಪಾಲು. ಕಣ್ಣಿಗೇ ಕಾಣದು. ಆದರೆ ಬಸ್ಸು ಹಿಡಿಯುವುದಕ್ಕೆ ನೋಡಿದರೆ, ಒಂದು ತಿಂಗಳು ಸರಿ ಮಾಡದ ವಾಚು 12 ನಿಮಿಷ ತಪ್ಪು ಹೇಳುತ್ತದೆ. ನೀವು ಅದನ್ನು ಯಾವುದಕ್ಕೆ ನೋಡುತ್ತೀರಿ ಅನ್ನುವುದು ಮೊದಲು ತೀರ್ಮಾನ ಆಗಲಿ ಸರ್.

ರಾಯದುರ್ಗ ಜನತಾ

ಹೊಸೂರಿನವರ ಮಾತು ಅರ್ಧ ಒಪ್ಪುತ್ತೇನೆ, ಅರ್ಧ ಇಲ್ಲ. ಮಿತಿಯೊಳಗೆ ಇದೆ ಅಂತ ಸುಮ್ನಿರುವುದಾದರೆ, ವಾಚಿನ ಓಟ ಹೆಚ್ಚು-ಕಡಿಮೆ ಮಾಡುವ ಆ ಫಾಸ್ಟ್-ಸ್ಲೋ ಕಡ್ಡಿಯನ್ನು ಒಳಗೆ ಯಾಕೆ ಇಟ್ಟಿದ್ದಾರೆ? ಬಳಸಲಿ ಅಂತಲೇ ಅಲ್ವಾ?

ನಾನು ಎಚ್‌ಎಂಟಿ ಕಟ್ಟುವವನು. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಿನಲ್ಲಿ ಶುರು ಮಾಡಿದ ವಾಚು. ನನ್ನದು ಅದರ ಜನತಾ ಮಾದರಿ, ಅದರಲ್ಲಿ 17 ಹರಳು (ಚಕ್ರದ ಅಚ್ಚು ಕೂತು ತಿರುಗುವ ಕಲ್ಲು), ಗಂಟೆಗೆ 18,000 ಬಡಿತ. ಬೆಳಿಗ್ಗೆ ಹಲ್ಲುಜ್ಜಿ ಬಂದು ಕೀಲಿ ಕೊಡುತ್ತೇನೆ, ದಿನಾ ಅದೇ ಹೊತ್ತಿಗೆ. ಮೂರು ವರ್ಷದ ಹಿಂದೆ ಅದು ದಿನಕ್ಕೆ ಒಂದು ನಿಮಿಷ ಹಿಂದೆ ಬೀಳುತ್ತಿತ್ತು. ನಮ್ಮ ಊರಿನ ಹಿರಿಯರೊಬ್ಬರು ಬಿಚ್ಚಿ ತೊಳೆದು, ಎಣ್ಣೆ ಹಾಕಿ, ಆಮೇಲೆ ಕಡ್ಡಿ ಸರಿಸಿದರು. ಈಗ ಎಂಟು ಸೆಕೆಂಡು ಮುಂದೆ ಇದೆ. ಮಾಡಿಸಿದ್ದಕ್ಕೆ ಒಂದು ದಿನವೂ ಬೇಸರ ಆಗಿಲ್ಲ.

ಆದರೆ ಕೈ ನೋಡಿ ಕೊಡಬೇಕು, ಅದು ನಿಜ. 2016ರಲ್ಲಿ ಎಚ್‌ಎಂಟಿ ವಾಚು ಕಂಪನಿ ಮುಚ್ಚಲು ಸರ್ಕಾರ ತೀರ್ಮಾನ ಮಾಡಿತು. ಈಗ ಬಿಡಿಭಾಗ ಬೇಕೆಂದರೆ ಇನ್ನೊಂದು ವಾಚಿನ ಹೊಟ್ಟೆ ಕೊಯ್ಯಬೇಕು. ನಮಗೆ ಹೇರ್‌ಸ್ಪ್ರಿಂಗ್ ಹೋದರೆ ವಾಚೇ ಹೋದ ಹಾಗೆ.

ಬದಿಯಡ್ಕ ಮಾಸ್ಟ್ರು

ದಿಕ್ಸೂಚಿ ಪರೀಕ್ಷೆ ಮಾಡಿದೆ. ಶಾಲೆಯ ವಿಜ್ಞಾನ ಕೋಣೆಯಿಂದ ತಂದು ನೋಡಿದೆ. ಮುಳ್ಳು ಚೂರು ಅಲುಗಿತು ಅಷ್ಟೆ, ಓಲಾಡಲಿಲ್ಲ. ಚೌಕಟ್ಟೇ ಉಕ್ಕಿನದು, ಅಷ್ಟಾದರೂ ಅಲುಗುತ್ತದೆ ಅಂದುಕೊಳ್ಳುತ್ತೇನೆ. ಹಾಗಾದರೆ ಅಯಸ್ಕಾಂತ ಅಲ್ಲ.

ಸಿಸ್ಟರ್ ಕೇಳಿದ್ದಕ್ಕೆ ನಿಜ ಹೇಳುತ್ತೇನೆ. ಶಾಲೆಗೆ ಗಂಟೆ ಉಂಟು, ಗೋಡೆಗೆ ಗಡಿಯಾರ ಉಂಟು, ಕಿಸೆಯಲ್ಲಿ ಮೊಬೈಲು ಉಂಟು. ವಾಚು ಇಲ್ಲದಿದ್ದರೂ ನನ್ನ ದಿನ ನಡೆಯುತ್ತದೆ. ಆದರೆ ಪರೀಕ್ಷೆಯ ಕೋಣೆಯಲ್ಲಿ ಮೊಬೈಲು ಇಲ್ಲ. ಮಕ್ಕಳು ತಲೆ ಎತ್ತಿ "ಸರ್, ಇನ್ನೆಷ್ಟು ಹೊತ್ತು?" ಅಂತ ಕೇಳುತ್ತಾರೆ. ಆಗ ಕೈ ತಿರುಗಿಸಿ ನೋಡಿ ಹೇಳುವ ನಿಮಿಷ ಸರಿಯಾಗಿರಬೇಕು ಅಂತ ನನಗೆ ಆಸೆ. ನನ್ನ ಮಾತನ್ನು ನಂಬಿ ಅವರು ಕೊನೆಯ ಪ್ರಶ್ನೆಗೆ ಕೈ ಹಾಕುತ್ತಾರೆ.

ಜತ್ತದಿಂದ

ನನ್ನ ವಾಚಿನಲ್ಲಿ ಎನ್‌ಎಚ್35 ಅನ್ನುವ ಯಂತ್ರ ಇದೆ. ಅದರಲ್ಲಿ ಕಿರೀಟ ಎಳೆದರೆ ಸೆಕೆಂಡು ಮುಳ್ಳು ನಿಲ್ಲುತ್ತದೆ, ಕೈಯಲ್ಲೇ ಕೀಲಿಯೂ ಕೊಡಬಹುದು. ಹೀಗಾಗಿ ವಾರಕ್ಕೊಮ್ಮೆ ಹೊಂದಿಸುವುದು ಕಷ್ಟ ಅನಿಸಿಲ್ಲ. ಕ್ರೊನೊಮೀಟರ್ ಅಂತ ಪ್ರಮಾಣಪತ್ರ ಬರುವ ವಾಚುಗಳಿಗೆ ಮಿತಿ ಎಷ್ಟಿರುತ್ತದೆ? ಯಾರಾದರೂ ಹೇಳಿ.

ಹೊಸೂರು ನಿವಾಸಿ

ಸ್ವಿಸ್ ಸಂಸ್ಥೆ ಸಿಒಎಸ್‌ಸಿ ಕೊಡುವ ಪ್ರಮಾಣಪತ್ರಕ್ಕೆ ಸರಾಸರಿ ದಿನಕ್ಕೆ 4 ಸೆಕೆಂಡು ಹಿಂದೆ, 6 ಸೆಕೆಂಡು ಮುಂದೆ. 15 ದಿನ ಪರೀಕ್ಷೆ. ವಾಚು ಇಡುವ ಐದು ಭಂಗಿ, 8, 23, 38 ಡಿಗ್ರಿ ಅಂತ ಮೂರು ತಾಪಮಾನ. ಅಷ್ಟು ಪಾಡು ಪಟ್ಟ ಮೇಲೂ ಅದು ಹತ್ತು ಸೆಕೆಂಡಿನ ಕಿಟಕಿ. ನಮ್ಮ ಸಾಮಾನ್ಯ ವಾಚಿನಿಂದ ಅದಕ್ಕಿಂತ ಜಾಸ್ತಿ ಕೇಳಬಾರದು ಅನ್ನುವುದಕ್ಕೇ ಇದನ್ನು ಹೇಳಿದೆ.

ಮಾಸ್ಟ್ರ ಪರೀಕ್ಷೆ ಕೋಣೆಯ ಮಾತು ಓದಿದ ಮೇಲೆ ನನ್ನ "ಬಿಡಿ" ಸ್ವಲ್ಪ ಮೆತ್ತಗಾಗಿದೆ.

ಮಂಜೇಶ್ವರ ಮಣೆ

ನಾನು ವಾಚು ರಿಪೇರಿ ಮಾಡುವವನು. 26 ವರ್ಷದಿಂದ ಇದೇ ಮಣೆ, ಇದೇ ಕಣ್ಣುಗಾಜು. ಇಲ್ಲಿ ಓದಿಕೊಂಡು ಸುಮ್ಮನಿದ್ದೆ, ಆದರೆ ಮಾಸ್ಟ್ರ ಪ್ರಶ್ನೆಗೆ ಸರಿಯಾಗಿ ಉತ್ತರ ಕೊಡಬೇಕು ಅನಿಸಿತು. ಉದ್ದವಾಗುತ್ತದೆ, ಓದಿ.

ಕಡ್ಡಿ ಸರಿಸುವುದು ನಿಜವಾಗಿಯೂ ಐದು ನಿಮಿಷದ ಕೆಲಸ. ಆ ಅಂಗಡಿಯವರು ಸುಳ್ಳು ಹೇಳಿಲ್ಲ. ಆದರೆ ಸರಿಸಬೇಕೋ ಬೇಡವೋ ಅಂತ ತಿಳಿಯಲು ಮೂರು ದಿನ ಬೇಕು. ನನ್ನಲ್ಲಿಗೆ ವಾಚು ಬಂದರೆ ಮೊದಲು ಕೇಳುವುದು ಎಷ್ಟು ಸೆಕೆಂಡು ತಪ್ಪುತ್ತದೆ ಅಂತ ಅಲ್ಲ, ದಿನಾ ಒಂದೇ ರೀತಿ ತಪ್ಪುತ್ತದಾ ಅಂತ. ದಿನಾ 24 ಮುಂದೆ ಅಂದರೆ ಅದು ಒಳ್ಳೆಯ ವಾಚು, ತಪ್ಪು ಜಾಗದಲ್ಲಿ ಕೂತಿದೆ, ಅಷ್ಟೆ. ಸರಿಸಿದರೆ ಸರಿಯಾಗುತ್ತದೆ. ಇವತ್ತು 5, ನಾಳೆ 40, ನಾಡಿದ್ದು ಹಿಂದೆ 10 ಅಂದರೆ ಕಡ್ಡಿ ಮುಟ್ಟಲೇಬಾರದು. ಅದಕ್ಕೆ ಕಾಯಿಲೆ ಬೇರೆ ಏನೋ ಇದೆ. ಜ್ವರ ಇರುವಾಗ ಥರ್ಮಾಮೀಟರ್ ತಿದ್ದಿ ಪ್ರಯೋಜನ ಇಲ್ಲ ನೋಡಿ.

ಬ್ಯಾಲೆನ್ಸ್ ಚಕ್ರವನ್ನು ಉಯ್ಯಾಲೆ ಅಂದುಕೊಳ್ಳಿ. ನಿಮ್ಮ ಯಂತ್ರದಲ್ಲಿ ಅದು ಗಂಟೆಗೆ 21,600 ಸಲ ಬಡಿಯುತ್ತದೆ, ಸೆಕೆಂಡಿಗೆ ಆರು. ದಿನಕ್ಕೆ 5,18,400. ನಿಮ್ಮದು ಅದಕ್ಕಿಂತ 144 ಬಡಿತ ಜಾಸ್ತಿ ಹೊಡೆಯುತ್ತಿದೆ, ಅಷ್ಟೇ ಲೆಕ್ಕ. ಆ ಉಯ್ಯಾಲೆ ಎಷ್ಟು ದೂರ ಬೀಸುತ್ತದೆ ಅನ್ನುವುದಕ್ಕೆ ಆಂಪ್ಲಿಟ್ಯೂಡ್ ಅನ್ನುತ್ತಾರೆ. ನನ್ನ ಗುರುಗಳು "ಬೀಸು" ಅನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತೇನೆ. ವಾಚನ್ನು ಟೈಮಿಂಗ್ ಮಷಿನ್ ಮೇಲಿಟ್ಟರೆ ಅದು ಶಬ್ದ ಕೇಳಿ ಬೀಸು ಎಷ್ಟು ಡಿಗ್ರಿ ಅಂತ ಹೇಳುತ್ತದೆ. ಒಳ್ಳೆಯ ಸ್ವಿಸ್ ಯಂತ್ರದಲ್ಲಿ ಪೂರ್ತಿ ಕೀಲಿಗೆ 270ರಿಂದ 300 ನೋಡಿದ್ದೇನೆ. 7ಎಸ್26ರಲ್ಲಿ 250 ಬಂದರೂ ನನಗೆ ಖುಷಿ. 200ಕ್ಕೆ ಇಳಿದರೆ ತೊಳೆಯದೆ ಮುಟ್ಟುವುದಿಲ್ಲ.

ಎಣ್ಣೆ ಒಣಗಿದರೆ ವಾಚು ನಿಧಾನ ಆಗುತ್ತದೆ ಅಂತ ಜನ ಅಂದುಕೊಂಡಿದ್ದಾರೆ. ಯಾವಾಗಲೂ ಹಾಗಲ್ಲ. ಬೀಸು ಕಡಿಮೆಯಾದ ಕೆಲವು ವಾಚು ಮುಂದೆ ಓಡುತ್ತವೆ. ಅದಕ್ಕೇ ನನಗೆ ನಿಮ್ಮ 24ಕ್ಕಿಂತ, ಹತ್ತು ಇದ್ದದ್ದು 24 ಆಯಿತು ಅಂದಿರಲ್ಲ, ಅದು ಮುಖ್ಯ ಅನಿಸಿದೆ. ಕಡ್ಡಿ ತಾನಾಗಿ ಸರಿಯುವುದಿಲ್ಲ. ಒಂಬತ್ತು ವರ್ಷ ತೊಳೆಯದ ವಾಚು ಬದಲಾಗಿದೆ ಅಂದರೆ ಒಳಗೆ ಏನೋ ಬದಲಾಗಿದೆ.

ಇನ್ನು ಕೈಯ ವಿಷಯ. 7ಎಸ್26ರಲ್ಲಿ ಬ್ಯಾಲೆನ್ಸಿನ ಮೇಲೆ ಪಕ್ಕಪಕ್ಕ ಎರಡು ಕಡ್ಡಿ ಇವೆ. ಒಂದು ಫಾಸ್ಟ್-ಸ್ಲೋಗೆ, ಇನ್ನೊಂದು ಬೀಟ್‌ಗೆ, ಅಂದರೆ ಟಿಕ್ಕಿಗೂ ಟಾಕ್‌ಗೂ ನಡುವಿನ ಅಂತರ ಸಮ ಮಾಡಲು. ಗೊತ್ತಿಲ್ಲದವರು ಎರಡನೆಯದನ್ನು ದೂಡುತ್ತಾರೆ. ವಾಚು ಕುಂಟಲು ಶುರು ಮಾಡುತ್ತದೆ. ಫಾಸ್ಟ್-ಸ್ಲೋ ಕಡ್ಡಿಯನ್ನೂ ಕೂದಲೆಳೆಯಷ್ಟು ಸರಿಸಿದರೆ ಸಾಕು. ನಾನು ಸೂಜಿಯ ಹಿಂಬದಿಗೆ ಮರದ ಹಿಡಿ ಹಾಕಿಕೊಂಡಿದ್ದೇನೆ, ಉಸಿರು ಬಿಗಿ ಹಿಡಿದು ಮುಟ್ಟುತ್ತೇನೆ. ಕಣ್ಣಿಗೆ ಅದು ಸರಿದದ್ದೇ ಕಾಣುವುದಿಲ್ಲ, ಮಷಿನ್ನಿನ ಗೆರೆ ಬಾಗಿದಾಗಲೇ ಗೊತ್ತಾಗುವುದು. ಕೈ ಜಾರಿದರೆ ಕೆಳಗೆ ಹೇರ್‌ಸ್ಪ್ರಿಂಗ್. ನಿಮ್ಮ ಶಾಲೆಯವರ ವಾಚಿಗೆ ಆದದ್ದು ಹೀಗೇ ಇರಬೇಕು.

ಸೊನ್ನೆಗೆ ತನ್ನಿ ಅಂತ ಯಾರಿಗೂ ಹೇಳಬೇಡಿ. ನಾನು ನಾಲ್ಕೈದು ಸೆಕೆಂಡು ಮುಂದೆಯೇ ಬಿಡುತ್ತೇನೆ. ವಯಸ್ಸಾದ ಹಾಗೆ, ಭಂಗಿ ಬದಲಾದ ಹಾಗೆ ಅದು ಆಚೀಚೆ ಆಗುತ್ತದೆ. ಮುಂದಿರುವ ವಾಚು ಬಸ್ಸು ತಪ್ಪಿಸುವುದಿಲ್ಲ.

ಕೊನೆಗೆ ಮಳೆ. ಈಗ ಆಟಿ ತಿಂಗಳು. ನಮ್ಮ ಕರಾವಳಿಯಲ್ಲಿ ಈಗ ಮುಚ್ಚಳ ತೆರೆದರೆ ಒಳಗೆ ಹೋಗುವುದು ಹಸಿಗಾಳಿ. ಮುಚ್ಚಿ ಹೊರಗೆ ಕೊಟ್ಟಾಗ ಗಾಜಿನೊಳಗೆ ಮಂಜು ಕೂರುತ್ತದೆ. ಎಸಿ ಹಾಕಿ ಒಣಗಿಸಿದ ಕೋಣೆ ಇಲ್ಲದಿದ್ದರೆ ಅವಸರ ಮಾಡಬೇಡಿ. ಮುಚ್ಚಳದ ರಬ್ಬರ್ ಉಂಗುರವೂ ಒಂಬತ್ತು ವರ್ಷದ್ದು, ಅದನ್ನು ಬದಲಾಯಿಸದೆ ಮುಚ್ಚುವವರ ಕೈಗೆ ಕೊಡಬೇಡಿ.

ಈಗ ಒಂದು ಕೆಲಸ ಮಾಡಿ. ಹತ್ತು ದಿನ ಬರೆದಿಡಿ. ದಿನಾ ಒಂದೇ ಹೊತ್ತು, ಒಂದೇ ಮೊಬೈಲು. ರಾತ್ರಿ ಹೇಗೆ ಇಟ್ಟಿರಿ ಅನ್ನುವುದನ್ನೂ ಬರೆಯಿರಿ: ಮುಖ ಮೇಲೆ, ಮುಖ ಕೆಳಗೆ, ಕಿರೀಟ ಮೇಲೆ, ಕಿರೀಟ ಕೆಳಗೆ. ಆಮೇಲೆ ಮಾತಾಡೋಣ.

ರಾಯದುರ್ಗ ಜನತಾ

ಎಷ್ಟು ಚೆನ್ನಾಗಿ ಬಿಡಿಸಿ ಹೇಳಿದಿರಿ. "ಬೀಸು" ಅನ್ನುವ ಮಾತು ನಾನು ಇಂದಿನಿಂದ ಬಳಸುತ್ತೇನೆ.

ಮೊಬೈಲು ನಂಬದವರಿಗೆ ಒಂದು ದಾರಿ: ಆಕಾಶವಾಣಿಯ ವಾರ್ತೆಗೆ ಮುಂಚಿನ ಬೀಪ್. ಆದರೆ ನಿಜವಾದ ರೇಡಿಯೊದಲ್ಲಿ ಕೇಳಬೇಕು. ಇಂಟರ್ನೆಟ್‌ನಲ್ಲಿ ಕೇಳಿದರೆ ಎಷ್ಟೋ ಸೆಕೆಂಡು ತಡವಾಗಿ ಬರುತ್ತದೆ.

ಕುಂಬಳೆ ಕಡಲು

ಸರಿಯಾದ ಸಮಯ ಅಂದರೆ ಯಾವುದು ಅಂತ ನನಗೆ ಮೊದಲಿನಿಂದ ಕುತೂಹಲ. ನಮ್ಮ ದೇಶದ ಗಡಿಯಾರ ನಿಂತಿರುವುದು 82.5 ಡಿಗ್ರಿ ರೇಖಾಂಶದ ಮೇಲೆ. ನಮ್ಮ ಕಾಸರಗೋಡು ಇರುವುದು ಹೆಚ್ಚುಕಡಿಮೆ 75ರಲ್ಲಿ. ಡಿಗ್ರಿಗೆ ನಾಲ್ಕು ನಿಮಿಷ. ಅಂದರೆ ನಮ್ಮ ಊರಿನ ಸೂರ್ಯ ವಾಚಿಗಿಂತ ಸುಮಾರು ಅರ್ಧ ಗಂಟೆ ಹಿಂದೆ. ನೆತ್ತಿಗೆ ಬರುವುದು 12.30ರ ಆಸುಪಾಸಿನಲ್ಲಿ, ತಿಂಗಳಿಂದ ತಿಂಗಳಿಗೆ ಕೆಲವು ನಿಮಿಷ ಆಚೀಚೆ. ಅಂಗಳದಲ್ಲಿ ಕೋಲು ನೆಟ್ಟು ನೆರಳು ನೋಡಿದವನು ನಾನು.

ಹಾಗಿರುವಾಗ 24 ಸೆಕೆಂಡಿಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ ಅಂತ ಅನಿಸಿತ್ತು.

ಬದಿಯಡ್ಕ ಮಾಸ್ಟ್ರು

ಕುಂಬಳೆಯವರೇ, ಈ ಲೆಕ್ಕವನ್ನು ದೊಡ್ಡಪ್ಪ ದಿನಾ ಮಾಡುತ್ತಾರೆ. ಪಂಚಾಂಗದಲ್ಲಿ ಸೂರ್ಯೋದಯಾತ್ ಗಳಿಗೆ ಅಂತ ಕೊಟ್ಟಿದ್ದನ್ನು ಊರಿನ ಸೂರ್ಯೋದಯಕ್ಕೆ ಕೂಡಿಸಿಯೇ ಹೇಳುವುದು. ಹಿಂದೆ ಮದುವೆ ಮನೆಯಲ್ಲಿ ಗಳಿಗೆ ಬಟ್ಟಲು ಇಡುತ್ತಿದ್ದರಂತೆ. ತೂತಿರುವ ತಾಮ್ರದ ಬಟ್ಟಲು, ನೀರಿನ ಮೇಲೆ ಬಿಟ್ಟರೆ ಒಂದು ಗಳಿಗೆಗೆ ಮುಳುಗುತ್ತದೆ. ಆ ತೂತಿಗೆ ಒಂದು ಕಸ ಸಿಕ್ಕಿದರೆ ಮುಹೂರ್ತವೇ ತಪ್ಪುತ್ತದೆ ಅಂತ ಪಕ್ಕದಲ್ಲೇ ಒಬ್ಬರು ಕೂತು ಕಾಯುತ್ತಿದ್ದರು. ಅರ್ಧ ಗಂಟೆಯ ವ್ಯತ್ಯಾಸ ಇರುವುದು ಊರಿಗೂ ದೇಶಕ್ಕೂ ನಡುವೆ. ಅದು ಎಲ್ಲರಿಗೂ ಒಂದೇ. ನನ್ನ ವಾಚಿನ ತಪ್ಪು ನನ್ನೊಬ್ಬನದು.

ಹತ್ತು ದಿನದ ಲೆಕ್ಕ ಬರೆದಿದ್ದೇನೆ. ದಿನಾ ಬೆಳಿಗ್ಗೆ ಏಳಕ್ಕೆ, ಚಾವಡಿಯ ಮೆಟ್ಟಿಲ ಮೇಲೆ ಕೂತು, ವಾಚಿನ ಸೆಕೆಂಡು ಮುಳ್ಳು 12ಕ್ಕೆ ಬಂದ ಕ್ಷಣ ಮೊಬೈಲಿನಲ್ಲಿ ಎಷ್ಟು ಅಂತ ನೋಡುವುದು. ಮಗಳು ಮೊಬೈಲು ಹಿಡಿದು "ಈಗ" ಅನ್ನುತ್ತಾಳೆ.

ಮೊದಲ ನಾಲ್ಕು ರಾತ್ರಿ ಮುಖ ಮೇಲೆ ಮಾಡಿ ಇಟ್ಟೆ: 24, 23, 26, 24. ಐದನೆಯ ರಾತ್ರಿ ಮುಖ ಕೆಳಗೆ: 22. ಆರು ಮತ್ತು ಏಳನೆಯ ರಾತ್ರಿ ಕಿರೀಟ ಕೆಳಗೆ: 19, 20. ಎಂಟು ಮತ್ತು ಒಂಬತ್ತನೆಯ ರಾತ್ರಿ ಕಿರೀಟ ಮೇಲೆ, ಎರಡು ಪುಸ್ತಕದ ಮಧ್ಯೆ ನಿಲ್ಲಿಸಿ: 13, 12. ಹತ್ತನೆಯ ದಿನ ಭಾನುವಾರ. ಜ್ವರ ಬಂದು ಮಲಗಿದ್ದೆ, ವಾಚು ಕಟ್ಟಲೇ ಇಲ್ಲ. ಮುಖ ಮೇಲೆ ಮಾಡಿ ಇಟ್ಟಲ್ಲೇ ಇತ್ತು. ಆ ದಿನ 37.

ಏನೂ ಖರ್ಚಿಲ್ಲದೆ, ರಾತ್ರಿ ಇಡುವ ರೀತಿ ಬದಲಾಯಿಸಿದ್ದಕ್ಕೇ ತಪ್ಪು ಅರ್ಧ ಆಯಿತು! ನನಗೆ ನಂಬಲಿಕ್ಕೇ ಆಗಲಿಲ್ಲ.

ಮಂಜೇಶ್ವರ ಮಣೆ

ಒಳ್ಳೆಯ ಲೆಕ್ಕ ಮಾಸ್ಟ್ರೇ. ಬಹಳ ಗಿರಾಕಿಗಳು ಇಷ್ಟು ಮಾಡಿಕೊಂಡು ಬರುವುದಿಲ್ಲ.

ಕಟ್ಟಿದ ದಿನಗಳಲ್ಲಿ ವಾಚು ಒಂದೇ ದಾರಿಯಲ್ಲಿ ಇದೆ, ಅದು ಸಮಾಧಾನ. ಆದರೆ ಆ 37 ನೋಡಿ. ಇದು ಕೈಯ ಅಲುಗಾಟಕ್ಕೇ ಕೀಲಿ ತುಂಬಿಕೊಳ್ಳುವ ವಾಚು, ಕಟ್ಟದೆ ಇಟ್ಟ ದಿನ ಕೀಲಿ ಇಳಿಯುತ್ತಾ ಹೋಗುತ್ತದೆ, ಬೀಸು ಕಡಿಮೆಯಾಗುತ್ತದೆ, ಇದು ಮುಂದೆ ಓಡುತ್ತದೆ. ನಾನು ಅನುಮಾನ ಪಟ್ಟದ್ದೇ ಇದು. ಈ ವಾಚಿಗೆ ಈಗ ಬೇಕಾದದ್ದು ತೊಳೆದು ಎಣ್ಣೆ ಹಾಕುವುದು. ಬರೀ ಕಡ್ಡಿ ಸರಿಸಿದರೆ ಎರಡು ತಿಂಗಳು ಸರಿ ಇರುತ್ತದೆ, ಆಮೇಲೆ ಮತ್ತೆ ತಪ್ಪುತ್ತದೆ. ನೀವು ರಿಪೇರಿಯವನನ್ನು ಬೈಯುತ್ತೀರಿ.

ದೀಪಾವಳಿವರೆಗೆ ಕಿರೀಟ ಮೇಲೆ ಮಾಡಿ ಮಲಗಿಸಿ. ಮಳೆ ಪೂರ್ತಿ ನಿಂತ ಮೇಲೆ ಸರ್ವಿಸ್. ಎಲ್ಲಿ ಮಾಡಿಸಿದರೂ ಮೂರು ಮಾತು ಕೇಳಿ. ಟೈಮಿಂಗ್ ಮಷಿನ್ ಉಂಟಾ? ಅದರಲ್ಲಿ ಈ ಯಂತ್ರಕ್ಕೆ ಲಿಫ್ಟ್ ಆಂಗಲ್ (ಬೀಸು ಲೆಕ್ಕ ಹಾಕಲು ಮಷಿನ್ನಿಗೆ ಕೊಡುವ ಕೋನ) 53 ಇಡುತ್ತೀರಾ? ಕೊಡುವ ಮೊದಲು ಎಷ್ಟು ದಿನ ಇಟ್ಟು ನೋಡುತ್ತೀರಿ? ಮೂರನೆಯದಕ್ಕೆ "ಯಾಕೆ ನೋಡಬೇಕು" ಅಂದರೆ ಎದ್ದು ಬನ್ನಿ.

ಹೊಸೂರು ನಿವಾಸಿ

ಖರ್ಚಿನ ಮಾತೂ ಬರಲಿ. ಸರ್ವಿಸ್‌ಗೆ ಎರಡು-ಮೂರು ಸಾವಿರ ಕೇಳುತ್ತಾರೆ. ಅಷ್ಟಕ್ಕೆ ಇನ್ನೊಂದು ಯಂತ್ರವನ್ನೇ ತಂದು ಹಾಕಬಹುದು ಅಂತ ಕೆಲವರು ಹೇಳುತ್ತಾರೆ. ಲೆಕ್ಕದಲ್ಲಿ ಅದೂ ಸರಿಯೇ.

ಬದಿಯಡ್ಕ ಮಾಸ್ಟ್ರು

ಯೋಚನೆ ಮಾಡಿದೆ. ಬೇರೆ ಯಂತ್ರ ಬೇಡ. ಈ ಯಂತ್ರದ ಜೊತೆಗೇ ಒಂಬತ್ತು ವರ್ಷ ಪರೀಕ್ಷೆ ಕೋಣೆಯಲ್ಲಿ ನಡೆದಾಡಿದ್ದೇನೆ. ಮಳೆ ನಿಲ್ಲಲಿ, ತೊಳೆಸಿ ಸರಿ ಮಾಡಿಸುತ್ತೇನೆ. ಅಲ್ಲಿವರೆಗೆ ಎರಡು ಪುಸ್ತಕದ ಮಧ್ಯೆ ನಿಲ್ಲಿಸುತ್ತೇನೆ.

ಮುಳ್ಳೇರಿಯ ತೋಟ

ಒಳ್ಳೆಯ ತೀರ್ಮಾನ. ಮುಗಿದ ಮೇಲೆ ಇಲ್ಲಿ ಬರೆಯಲು ಮರೆಯಬೇಡಿ. ಪ್ರಶ್ನೆ ಕೇಳಿದವರು ಆಮೇಲೆ ಏನಾಯಿತು ಅಂತ ಹೇಳುವುದೇ ಇಲ್ಲ, ನಮಗೆ ಅದೇ ಬೇಸರ.

ಬದಿಯಡ್ಕ ಮಾಸ್ಟ್ರು (ದೀಪಾವಳಿ ಕಳೆದು ಮೂರು ವಾರಕ್ಕೆ)

ಮುಳ್ಳೇರಿಯದವರೇ, ಮರೆತಿಲ್ಲ.

ವಾಚನ್ನು ಮಂಜೇಶ್ವರದವರ ಕೈಗೇ ಕೊಟ್ಟೆ. ನನ್ನ ಎದುರೇ ಮಷಿನ್ನಿಗೆ ಇಟ್ಟರು. ಮುಖ ಮೇಲೆ ಇದ್ದಾಗ ಬೀಸು 208, ಕಿರೀಟ ಕೆಳಗೆ ಮಾಡಿದಾಗ 181. ಪರದೆಯ ಮೇಲೆ ಎರಡು ಗೆರೆ ಬರುತ್ತವೆ. ಸರಿಯಾದ ವಾಚಿನಲ್ಲಿ ಅವು ಬೈತಲೆಯ ಹಾಗೆ ನೇರ ಇರಬೇಕಂತೆ. ನನ್ನದು ಮೇಲೆ ಹತ್ತುತ್ತಾ, ಅಲ್ಲಲ್ಲಿ ಚದುರಿಕೊಂಡು ಹೋಗುತ್ತಿತ್ತು. ಮುಚ್ಚಳ ತೆರೆದು ಕಣ್ಣುಗಾಜು ನನ್ನ ಕೈಗೆ ಕೊಟ್ಟರು. ಹರಳಿನ ಸುತ್ತ ಎಣ್ಣೆ ಇರಬೇಕಾದ ಜಾಗದಲ್ಲಿ ಕಂದು ಬಣ್ಣದ ಉಂಗುರ ಇತ್ತು, ಒಣಗಿದ ಬೆಲ್ಲದ ಪಾಕದ ಹಾಗೆ. ಅದನ್ನು ನೋಡಿದ ಮೇಲೆ ಬರೀ ಕಡ್ಡಿ ಸರಿಸಿ ಕೊಡಿ ಅನ್ನುವ ಮಾತು ನನ್ನ ಬಾಯಿಂದ ಬರಲಿಲ್ಲ.

ಎಂಟು ದಿನ ಇಟ್ಟುಕೊಂಡರು. ಅದರಲ್ಲಿ ಕೊನೆಯ ನಾಲ್ಕು ದಿನ ಬರೀ ನೋಡುವುದಕ್ಕೆ. 2,200 ರೂಪಾಯಿ ಆಯಿತು, ಹೊಸ ರಬ್ಬರ್ ಉಂಗುರ ಸೇರಿ. ಈಗ ಬೀಸು 256. ಮನೆಗೆ ತಂದು ಮತ್ತೆ ಹತ್ತು ದಿನ ಬರೆದೆ: 5, 4, 6, 5, 5, 7, 4, 5, 6, 5. ಏಳನೆಯ ದಿನ ಕಟ್ಟದೆ ಮುಖ ಮೇಲೆ ಮಾಡಿ ಇಟ್ಟಿದ್ದೆ, ಆ ದಿನವೂ 4.

ನಿನ್ನೆ ಅರ್ಧವಾರ್ಷಿಕ ಪರೀಕ್ಷೆಯ ತಯಾರಿಗೆ ಒಂದು ಕಿರುಪರೀಕ್ಷೆ ಇಟ್ಟಿದ್ದೆ. ಹಿಂದಿನ ಬೆಂಚಿನ ಹುಡುಗಿ ಕೇಳಿದಳು, ಇನ್ನೆಷ್ಟು ಹೊತ್ತು ಅಂತ. ಏಳು ನಿಮಿಷ ಅಂದೆ. ಕೆಳಗೆ ಗಂಟೆ ಹೊಡೆದಾಗ ವಾಚು ನೋಡಿಕೊಂಡೆ, ಸರಿಯಾಗಿ ಏಳು ಆಗಿತ್ತು.

ತಾಳವಾಡಿ ಸಿಸ್ಟರ್

ಓದಿ ತುಂಬಾ ಖುಷಿಯಾಯಿತು ಸರ್.

ಜತ್ತದಿಂದ

ನಾನೂ ಇವತ್ತಿನಿಂದ ಬರೆದಿಡಲು ಶುರು ಮಾಡಿದ್ದೇನೆ. ಮೊದಲ ದಿನ 11 ಹಿಂದೆ. ಮುಖ ಮೇಲೆ ಇಟ್ಟಿದ್ದೆ.

ಮಂಜೇಶ್ವರ ಮಣೆ

ಜತ್ತದವರೇ, ಒಂದು ದಿನದ ಲೆಕ್ಕಕ್ಕೆ ಬೆಲೆ ಇಲ್ಲ. ಹತ್ತು ದಿನ ಆಗಲಿ. ಮಲಗುವ ಮುಂಚೆ ಕೀಲಿ ಪೂರ್ತಿ ಕೊಟ್ಟು ನೋಡಿ, ನಿಮ್ಮದರಲ್ಲಿ ಕೈಯಿಂದ ಕೊಡಬಹುದಲ್ಲ.

ಮಾಸ್ಟ್ರೇ, ಮುಂದಿನ ಆಟಿಯಲ್ಲಿ ಮತ್ತೆ ಒಂದು ವಾರ ಬರೆದು ಕಳಿಸಿ. ಗಾಜಿನೊಳಗೆ ಮಂಜು ಕಂಡರೆ ಕಾಯಬೇಡಿ, ಅದೇ ದಿನ ತನ್ನಿ.